ಬೆಟ್ಟಮ್ಮನ ಸುಣ್ಣ, ಚಲುವರಾಜುವಿನ ನೊಣ

ಪಾಂಡವಪುರದ ಚಲುವರಾಜು ಯಾರ ಮನೆಗೆ ಹೋದರೂ ಮೊದಲು ನೋಡುವುದು ಕೊಟ್ಟಿಗೆಯನ್ನು. ಹಜಾರದಲ್ಲಿ ಕುರ್ಚಿ ಹಾಕಿ, ಚೊಂಬಿನಲ್ಲಿ ನೀರು ಹಿಡಿದು ನಿಂತವರನ್ನು ದಾಟಿಕೊಂಡು ಸೀದಾ ಹಿತ್ತಿಲಿಗೆ ನಡೆಯುತ್ತಾನೆ. ಜೇಬಿನಿಂದ ಟಾರ್ಚು ತೆಗೆದು, ದನದ ಬೆನ್ನಿನ ಆಚೆ ಇರುವ ಗೋಡೆಯ ಬಿರುಕಿಗೆ ಬೆಳಕು ಬಿಡುತ್ತಾನೆ. ಗೊತ್ತಿದ್ದವರು ನಗುತ್ತಾರೆ. ಗೊತ್ತಿಲ್ಲದವರು ಹಸು ಕೊಳ್ಳಲು ಬಂದಿರಬೇಕು ಎಂದುಕೊಂಡು ಅದರ ಗುಣಗಾನ ಶುರು ಮಾಡುತ್ತಾರೆ.

ಅವನ ಕೆಲಸವೇ ಅದು. ಆರೋಗ್ಯ ಇಲಾಖೆಯಲ್ಲಿ ಕೀಟ ಸಂಗ್ರಾಹಕ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಕೊಟ್ಟಿಗೆಗಳಲ್ಲಿ ಮೂವತ್ತೊಂದು ವರ್ಷದಿಂದ ಬೆಳಗಿನ ಹೊತ್ತು ಸೊಳ್ಳೆ ಹಿಡಿದಿದ್ದಾನೆ, ಮರಳು ನೊಣ ಹಿಡಿದಿದ್ದಾನೆ. ಟಾರ್ಚು ಬಿಟ್ಟರೆ ಅವನ ಆಯುಧ ಒಂದು ಗಾಜಿನ ಕೊಳವೆ. ಅದರ ಹಿಂದೆ ಮೊಳದುದ್ದದ ರಬ್ಬರು ನಳಿಕೆ, ನಡುವೆ ತೆಳು ಬಲೆಬಟ್ಟೆ. ನಳಿಕೆಯನ್ನು ಬಾಯಲ್ಲಿಟ್ಟು ಸುರ್ರೆಂದು ಎಳೆದರೆ ಗೋಡೆಯ ಮೇಲಿನ ಕೀಟ ಕೊಳವೆಯೊಳಗೆ ಬೀಳುತ್ತದೆ. ಬಲೆಬಟ್ಟೆ ಇರದಿದ್ದರೆ ಹೊಟ್ಟೆಯೊಳಗೆ ಬೀಳುತ್ತಿತ್ತು. "ಬೇರೆಯೋರು ಎಳನೀರು ಕುಡೀತಾರೆ, ನನ್ ತಮ್ಮ ನೊಣ ಕುಡೀತಾನೆ" ಎಂದು ಅವನ ಅಕ್ಕ ದೊಡ್ಡತಾಯಮ್ಮ ತಾನು ನೆಲೆಸಿದ ಹೇಮಗಿರಿಯ ಸುತ್ತಮುತ್ತ ಹೇಳದ ಮನೆಯಿಲ್ಲ.

ಈ ಮರಳು ನೊಣವನ್ನು ಸ್ವಲ್ಪ ಪರಿಚಯ ಮಾಡಿಕೊಡಲೇಬೇಕು. ಹೆಸರಿಗೆ ನೊಣ, ಗಾತ್ರದಲ್ಲಿ ಸೊಳ್ಳೆಯ ಮೂರನೇ ಒಂದು ಪಾಲು. ಮರಳಿನ ಬಣ್ಣ, ಮೈತುಂಬ ನವಿರು. ಕೂತಾಗಲೂ ರೆಕ್ಕೆ ಮಡಚುವುದಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡೇ ಕಾಫಿ ಕುಡಿಯುವ ನೆಂಟರ ಹಾಗೆ ಎತ್ತಿಕೊಂಡೇ ಇರುತ್ತದೆ. ಹಾರುವುದಕ್ಕಿಂತ ಕುಪ್ಪಳಿಸುವುದೇ ಹೆಚ್ಚು. ಮಣ್ಣು ಗೋಡೆ, ಬಿರುಕು, ತೇವ, ಸಗಣಿ ಇದ್ದ ಕಡೆ ಸಂಸಾರ ಹೂಡುತ್ತದೆ. ಬೇರೆ ಸೀಮೆಗಳಲ್ಲಿ ಇದರ ಕೆಲವು ಜಾತಿಗಳು ಲೀಶ್ಮೇನಿಯಾ ಎಂಬ ರೋಗಾಣುವನ್ನು ಹೊತ್ತು ತಿರುಗುತ್ತವೆ. ಆ ರೋಗಾಣುವಿನಲ್ಲಿ ಒಂದು ಬಗೆಯದು ಹೊಟ್ಟೆ ಊದಿಸುವ ಕಾಲಾ ಅಜಾರ್ ಜ್ವರ ತಂದರೆ, ಇನ್ನೊಂದು ಬಗೆಯದು ತಿಂಗಳುಗಟ್ಟಲೆ ಮಾಯದ ಹುಣ್ಣು ತರುತ್ತದೆ. ನಮ್ಮ ಚಲುವರಾಜು ಹಿಡಿದು ಕಳಿಸಿದ ನೊಣಗಳಲ್ಲಿ ಮಾತ್ರ ಅದು ಒಂದು ಸಲವೂ ಸಿಕ್ಕಿರಲಿಲ್ಲ. ಅವನ ವರದಿಯ ಕೊನೆಯ ಸಾಲು ಮೂವತ್ತೊಂದು ವರ್ಷವೂ ಒಂದೇ: ನೊಣ ಇದೆ, ರೋಗಾಣು ಇಲ್ಲ.

"ಇಲ್ಲ ಅಂತ ಬರಿಯಾಕೆ ಸರ್ಕಾರ ನಿನ್ನ ಇಟ್ಕೊಂಡದಾ? ನಾನೂ ಬರೀತಿದ್ದೆ ಬುಡು" ಎನ್ನುತ್ತಿದ್ದಳು ದೊಡ್ಡತಾಯಮ್ಮ.

ಅವನಿಗೆ ಇದು ಚುಚ್ಚುತ್ತಿತ್ತು. ಆದರೆ ಆ ಅಕ್ಕನಿಗೆ ಎದುರಾಡುವಂತಿರಲಿಲ್ಲ. ತಾಯಿ ತೀರಿಕೊಂಡಾಗ ಚಲುವರಾಜುವಿಗೆ ನಾಲ್ಕು ವರ್ಷ, ಅವಳಿಗೆ ಹದಿನಾಲ್ಕು. ಕಂಕುಳಲ್ಲಿ ಹೊತ್ತು ಸಾಕಿದವಳು, ಗಂಜಿ ಕುಡಿಸಿದವಳು, ಶಾಲೆಗೆ ಹೋಗೆಂದು ಬಾರುಕೋಲು ಹಿಡಿದು ಅಟ್ಟಿದವಳು ಅವಳೇ. ಆ ಮನೆಯಲ್ಲಿ ಅವಳು ಹೂಂ ಎನ್ನದೆ ವೀಳ್ಯ ಬದಲಾದದ್ದಿಲ್ಲ.

ಚಲುವರಾಜುವಿನ ಮಗಳು ರಂಜಿತ ಹಾಲಿನ ಡೈರಿಯಲ್ಲಿ ಕೊಬ್ಬಿನಂಶ ಪರೀಕ್ಷೆ ಮಾಡುವ ಹುಡುಗಿ. ಬಿಂಡಿಗನವಿಲೆಯ ಸೋಮಯ್ಯನ ಮಗ ರಾಹುಲನ ಸಂಬಂಧ ಬಂತು. ಹುಡುಗ ರಾಜಸ್ಥಾನದ ಬಿಕಾನೇರ್ ಕಡೆ ಸೋಲಾರ್ ಪ್ಲಾಂಟಿನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದು, ಈಗ ನಾಗಮಂಗಲದಲ್ಲೇ ಕೆಲಸ ಹಿಡಿದಿದ್ದ. ಹೆಣ್ಣು ನೋಡಲು ಬಂದ ದಿನ ಇಬ್ಬರೂ ಬಾವಿಕಟ್ಟೆಯ ಹತ್ತಿರ ಹತ್ತು ನಿಮಿಷ ಮಾತಾಡಿ ಬರುತ್ತೇವೆಂದು ಹೋದವರು ಮುಕ್ಕಾಲು ಗಂಟೆ ಬರಲಿಲ್ಲ. ಅಲ್ಲಿಗೆ ಮುಗಿಯಿತು, ಇನ್ನು ಜಾತಕ ಯಾಕೆ ಎಂದು ಚಲುವರಾಜುವಿನ ಹೆಂಡತಿ ಅಣ್ಣಮ್ಮ ಒಳಗೇ ನಕ್ಕಳು.

ಆ ದಿನ ಹುಡುಗನ ಎಡಗೆನ್ನೆಯ ಮೇಲೆ ಒಂದು ಸಣ್ಣ ಗುಳ್ಳೆ ಇತ್ತು. ಯಾರೂ ಲಕ್ಷ್ಯ ಕೊಡಲಿಲ್ಲ. ಎರಡು ತಿಂಗಳಲ್ಲಿ ಅದು ಹುಣಸೆ ಬೀಜದಷ್ಟಾಯಿತು, ನಡುವೆ ಹೊಪ್ಪಳೆ ಕಟ್ಟಿತು, ಸುತ್ತ ಕೆಂಪಗೆ ದಡ ಎದ್ದಿತು. ನೋವಿಲ್ಲ, ಮಾಯುವುದೂ ಇಲ್ಲ. ಸುದ್ದಿ ಬಿಂಡಿಗನವಿಲೆಯಿಂದ ಹೊರಟು ಹೇಮಗಿರಿ ತಲುಪುವಷ್ಟರಲ್ಲಿ ಹುಡುಗನಿಗೆ ದೊಡ್ಡರೋಗ, ಅಂದರೆ ಕುಷ್ಠ, ಎಂದಾಗಿತ್ತು. ಆ ಕಾಯಿಲೆಗೂ ಮಾತ್ರೆ ಬಂದು ಎಷ್ಟೋ ವರ್ಷವಾಯಿತು, ನುಂಗಿದರೆ ಗುಣವಾಗುತ್ತದೆ. ಆದರೆ ಹೆಸರು ಕೇಳಿದರೆ ಜನ ಇನ್ನೂ ಎದ್ದು ಆಚೆ ಕೂರುತ್ತಾರೆ.

ಚಲುವರಾಜು ಫೋನಿನಲ್ಲಿ ಹುಡುಗನನ್ನು ಕೇಳಿದ್ದು ಒಂದೇ ಪ್ರಶ್ನೆ: "ಬಿಕಾನೇರಲ್ಲಿ ನೀನು ಎಲ್ಲಿ ಮಲಗ್ತಿದ್ದೆ?"

"ಸೆಕೆ ಅಂತ ಹೊರಗೆ, ಹಳೇ ಇಟ್ಟಿಗೆ ಗೋಡೆ ಪಕ್ಕ ನೆಲದ ಮೇಲೇನೆ ಮಲಗ್ತಿದ್ವಿ ಮಾವ."

ಅಷ್ಟು ಸಾಕಾಯಿತು. ಮರುದಿನವೇ ಹೇಮಗಿರಿಗೆ ಹೋಗಿ, ಇದು ಆ ಕಡೆಯ ಮರಳು ನೊಣ ಕಚ್ಚಿ ಬಂದ ಹುಣ್ಣು, ಮುಟ್ಟಿದರೆ ಅಂಟುವುದಿಲ್ಲ, ಔಷಧಿಗೆ ಬಗ್ಗುತ್ತದೆ ಎಂದು ಅಕ್ಕನಿಗೆ ಬಿಡಿಸಿ ಹೇಳಿದ.

ದೊಡ್ಡತಾಯಮ್ಮ ಎಲೆಗೆ ಸುಣ್ಣ ಸವರುತ್ತಾ ಕೇಳಿಸಿಕೊಂಡಳು. "ಲೇ ಚಲುವ, ನಿಂಗೆ ಪ್ರಪಂಚದಾಗಿರಾ ರೋಗವೆಲ್ಲ ನೊಣದ್ದೇ ಕಣ್ಲಾ. ಮೂವತ್ತು ವರ್ಸದಿಂದ ನೊಣ ನೊಣ ಅಂತೀಯ, ಒಂದಿನನಾದ್ರೂ ನನ್ ಕಣ್ಣಿಗೆ ತೋರ್ಸಿದೀಯಾ? ತೋರ್ಸು. ಕಣ್ಣಾರೆ ಕಂಡ್ರೆ ನಾನೇ ಮುಂದೆ ನಿಂತು ವೀಳ್ಯ ಕೊಡ್ತೀನಿ. ಇಲ್ದಿದ್ರೆ ನನ್ ಕೂಸನ್ನ ಆ ಮನೆಗೆ ಕಳ್ಸಾಕಿಲ್ಲ."

"ಮನೆ ನೋಡೋಕೆ ಬಿಂಡಿಗನವಿಲೆಗೆ ಹೋಗ್ತೀವಲ್ಲಕ್ಕ. ಆ ಜಾತೀದಲ್ದಿದ್ರೂ ಅದರ ದಾಯಾದಿಗಳು ಅವರ ಕೊಟ್ಟಿಗೇಲೇ ಇರ್ತಾವೆ. ಕೊಳವೇಲಿ ಹಿಡ್ಕೊಟ್ರೆ ನಂಬ್ತೀಯಾ?"

"ನಂಬ್ತೀನಿ."

ಚಲುವರಾಜುವಿಗೆ ಅರ್ಧ ಮದುವೆಯೇ ಆದಷ್ಟು ಖುಷಿಯಾಯಿತು. ಸೋಮಯ್ಯನ ಕೊಟ್ಟಿಗೆಯನ್ನು ಅವನು ಹಿಂದೆ ಸರ್ವೆಗೆ ಹೋದಾಗ ನೋಡಿದ್ದ. ಹಳೆಯ ಮಣ್ಣು ಗೋಡೆ, ಬೆರಳು ತೂರುವ ಬಿರುಕುಗಳು. ಒಂದು ಬೆಳಿಗ್ಗೆ ಹತ್ತು ನಿಮಿಷದಲ್ಲಿ ಹದಿನೇಳು ನೊಣ ಸಿಕ್ಕಿದ್ದ ಜಾಗ. ನೊಣದ ಮಟ್ಟಿಗೆ ಅದು ಅರಮನೆ.

ಇತ್ತ ಬಿಂಡಿಗನವಿಲೆಯಲ್ಲಿ ರಾಹುಲನ ತಾಯಿ ಬೆಟ್ಟಮ್ಮನಿಗೆ ನಿದ್ದೆಯಿಲ್ಲ. ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆ. ಬೀಗರು ಬೇರೆ ಮೊದಲು ಕೊಟ್ಟಿಗೆಗೇ ಹೋಗುವವರು, ಅದೂ ನೊಣ ಹುಡುಕಲು! ಬೀಗರ ಎದುರು ತಮ್ಮ ಕೊಟ್ಟಿಗೆಯಲ್ಲಿ ಒಂದು ನೊಣ ಸಿಕ್ಕರೂ ಮಾನ ಹೋದಂತೆಯೇ. ಒಂದು ವಾರ ಮೊದಲೇ ಸೀರೆ ಎತ್ತಿಕಟ್ಟಿದಳು. ಬಿರುಕುಗಳಿಗೆ ಮಣ್ಣು ಮೆತ್ತಿದಳು. ಗಂಡನಿಂದ ಎರಡು ಸಲ ಸುಣ್ಣ ಹೊಡೆಸಿದಳು. ನೆಲ ಕೆತ್ತಿ ಹೊಸದಾಗಿ ಸಾರಿಸಿದಳು. ದಿನಾ ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿದಳು. ಹಸುಗಳು ಕೆಮ್ಮಿದವು.

ಬೆಳಿಗ್ಗೆ ಎಂಟಕ್ಕೆ ಟೆಂಪೊ ಬಂದು ನಿಂತಿತು. ಚಲುವರಾಜು ಎಂದಿನಂತೆ ನೀರಿನ ಚೊಂಬನ್ನು ದಾಟಿ ಹಿತ್ತಿಲಿಗೆ ನಡೆದ. ಹಿಂದೆಯೇ ದೊಡ್ಡತಾಯಮ್ಮ. ಬಾಗಿಲಲ್ಲಿ ಇಬ್ಬರ ಕಣ್ಣೂ ಕೋರೈಸಿತು. ಕೊಟ್ಟಿಗೆ ಹಾಲಿನಲ್ಲಿ ಅದ್ದಿ ತೆಗೆದಂತೆ ಬೆಳ್ಳಗಿತ್ತು.

ಟಾರ್ಚು ಬಿಟ್ಟ. ಮೂಲೆ ನೋಡಿದ, ಸೂರಿನ ಕೆಳಗೆ ನೋಡಿದ, ಗೊಂತಿನ ಹಿಂದೆ ಮಂಡಿಯೂರಿ ನೋಡಿದ. ನೊಣ ಹೋಗಲಿ, ಒಂದು ಜೇಡವೂ ಇರಲಿಲ್ಲ. ಬಿರುಕು ಮುಚ್ಚಿ, ಸುಣ್ಣ ಹೊಡೆಯಿರಿ ಎಂದು ನಾಲ್ಕು ತಾಲ್ಲೂಕಿನಲ್ಲಿ ಮೂವತ್ತೊಂದು ವರ್ಷ ಗಂಟಲು ಹರಿದುಕೊಂಡಿದ್ದ; ಒಬ್ಬರೂ ಕೇಳಿರಲಿಲ್ಲ. ಕೇಳಿದ ಒಬ್ಬಳೇ ಹೆಂಗಸು ಕೇಳಬಾರದ ವಾರವೇ ಕೇಳಿದ್ದಳು.

"ಬೀಗ್ರೇ, ಒಂದಾದ್ರೂ ಸಿಕ್ತಾ?" ಬೆಟ್ಟಮ್ಮ ಬಾಗಿಲಲ್ಲಿ ಸೆರಗು ಹಿಡಿದು ಹೆಮ್ಮೆಯಿಂದ ಕೇಳಿದಳು.

"ಇಲ್ಲ ಕಣವ್ವ" ಎಂದ ಚಲುವರಾಜು. ಅಷ್ಟು ಸಂಕಟದಿಂದ ಅವನು ಆ ಮಾತನ್ನು ಯಾವ ವರದಿಯಲ್ಲೂ ಬರೆದಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ರಾಹುಲ ಹೊರಗೆ ಬಂದ. ಅವನ ಎಡಗೆನ್ನೆಯೂ ಬೆಳ್ಳಗಿತ್ತು. ಕೊಟ್ಟಿಗೆಗೆ ಕಲಸಿದ ಸುಣ್ಣ ಮಿಕ್ಕಿತ್ತಲ್ಲ. ಬೀಗರು ಬರುವಷ್ಟರಲ್ಲಿ ಹುಣ್ಣು ಒಣಗಿಬಿಡಲಿ ಎಂದು ಬೆಟ್ಟಮ್ಮ ನಾಲ್ಕು ದಿನದಿಂದ ಸುಣ್ಣ ಬೆಲ್ಲ ಕಲಸಿ ಅಲ್ಲಿಗೂ ಮೆತ್ತಿದ್ದಳು. ಕುರು ಒಡೆಯಲು ಅವಳಜ್ಜಿಯ ಕಾಲದಿಂದ ಮಾಡಿದ ಮದ್ದು ಅದು. ಇಲ್ಲಿ ಒಡೆದದ್ದು ಚರ್ಮ. ಹುಣ್ಣು ಎರಡರಷ್ಟಾಗಿ, ಸುಟ್ಟು, ಕೀವು ಸುರಿಯುತ್ತಿತ್ತು.

ದೊಡ್ಡತಾಯಮ್ಮ ಹುಡುಗನ ಕೆನ್ನೆ ನೋಡಿದಳು, ತಮ್ಮನ ಖಾಲಿ ಕೊಳವೆ ನೋಡಿದಳು. ಮನೆ ಒಪ್ಪಿಗೆಯಾದರೆ ಅಲ್ಲಿ ಊಟ ಮಾಡಬೇಕು, ಅದು ಪದ್ಧತಿ. ಅವಳು ಒಂದು ಗುಟುಕು ನೀರು ಕುಡಿದು ಎದ್ದಳು. ಒಳಗೆ ಒಬ್ಬಟ್ಟಿನ ಹೂರಣ ರುಬ್ಬಿಟ್ಟ ವಾಸನೆ ಬರುತ್ತಿತ್ತು. ಚಲುವರಾಜು ಹೊಟ್ಟೆ ಹಸಿದುಕೊಂಡೇ ಟೆಂಪೊ ಹತ್ತಿದ.

ಸೋಲೊಪ್ಪುವ ಆಸಾಮಿಯಲ್ಲ ಅವನು. ಆ ಕೆನ್ನೆ ಕಂಡ ಮೇಲೆ ಇನ್ನು ಯಾವ ಕೊಟ್ಟಿಗೆಯ ನೊಣ ಹಿಡಿದು ತಂದರೂ ಅಕ್ಕ ನಂಬುವವಳಲ್ಲ ಎಂದು ಗೊತ್ತಿತ್ತು. ಮರುವಾರ ಹುಡುಗನನ್ನು ಮೈಸೂರಿಗೆ ಕರೆದೊಯ್ದ. ಚರ್ಮದ ಡಾಕ್ಟರಮ್ಮ ಹುಣ್ಣಿನಿಂದ ಚೂರು ಕೆರೆದು ಪರೀಕ್ಷೆಗೆ ಕಳಿಸಿದರು. ಕೀವು ಸಿಕ್ಕಿತು, ಸತ್ತ ಚರ್ಮ ಸಿಕ್ಕಿತು. ಫಲಿತಾಂಶದ ಕಾಗದದಲ್ಲಿ ಬರೆದಿತ್ತು: ಲೀಶ್ಮೇನಿಯಾ ಕಂಡುಬಂದಿಲ್ಲ. ದೊಡ್ಡರೋಗದ ಗುರುತೂ ಇರಲಿಲ್ಲ ಎನ್ನುವುದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೇಮಗಿರಿಯಿಂದ ಫೋನು ಬಂತು. "ಬೇರೆ ಗಂಡು ನೋಡಿವ್ನಿ. ಈ ಸಂಬಂಧ ಇಲ್ಲಿಗೇ ಬುಡು" ಎಂದಳು ಅಕ್ಕ.

ಆ ಸಂಜೆ ಚಲುವರಾಜು ಜಗಲಿಯ ಮೇಲೆ ಕೊಳವೆಯನ್ನು ಒರೆಸಿದ್ದೇ ಒರೆಸಿದ. ತಾನು ಎಲ್ಲದಕ್ಕೂ ನೊಣವನ್ನೇ ಕಾಣುತ್ತೇನೋ ಏನೋ ಎಂಬ ಅನುಮಾನ ಮೊದಲ ಬಾರಿಗೆ ಹೊಕ್ಕಿತ್ತು.

ರಂಜಿತ ಬಂದು ಪಕ್ಕದಲ್ಲಿ ಕೂತಳು. "ಅಪ್ಪ, ಡೈರೀಲಿ ಕುಳ್ಳಯ್ಯ ತಾತನ ಹಾಲು ಹೋದ ತಿಂಗಳು ನೀರು ನೀರು ಅಂತ ಬಂತು. ಆ ತಾತ ನೀರು ಹಾಕೋರಲ್ಲ. ನೋಡಿದ್ರೆ ಕ್ಯಾನು ಕಲಕದೆ ಸ್ಯಾಂಪಲ್ ತಗೊಂಡಿದ್ದೆ. ಕೆನೆ ಒಂದ್ಕಡೆ, ಹಾಲು ಒಂದ್ಕಡೆ. ತಪ್ಪು ಹಾಲಲ್ಲಿ ಇರ್ಲಿಲ್ಲ, ನಾನು ತಗೊಂಡಿದ್ರಲ್ಲಿ ಇತ್ತು."

ಚಲುವರಾಜುವಿನ ಕೈ ನಿಂತಿತು.

"ಸುಣ್ಣ ಸುಟ್ಟ ಜಾಗದಿಂದ ತಗೊಂಡ್ರೆ ಸುಣ್ಣಾನೆ ಸಿಗ್ತದೆ. ಅದು ಮಾಯೋವರ್ಗೂ ಬುಟ್ಟು, ಇನ್ನೊಂದ್ಸಾರಿ ತೆಗೆಸಿ" ಎಂದಳು. ಆಮೇಲೆ, "ನಾನಂತೂ ಆ ಇನ್ನೊಂದು ಗಂಡಿಗೆ ಕಾಫಿ ತರಲ್ಲ ಕಣಪ್ಪ" ಎಂದೂ ಹೇಳಿದಳು.

ಅವನಿಗೆ ಕಣ್ಣು ತುಂಬಿಬಂತು. ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಡಾಕ್ಟರಮ್ಮನಿಗೆ ಫೋನು ಮಾಡಿದ. ಅವರೂ ಅದನ್ನೇ ಹೇಳಿದರು: ಕೀವಿಗೆ ಮಾತ್ರೆ ಕೊಟ್ಟಿದೆ, ಮೂರು ವಾರ ಕಾಯಿರಿ, ಈ ಸಲ ಹುಣ್ಣಿನ ಕೆಂಪು ದಡದಿಂದ ತೆಗೆಯೋಣ. ಅಲ್ಲಿಯವರೆಗೆ ಅಕ್ಕನನ್ನು ತಡೆಯುವುದು ಅಣ್ಣಮ್ಮನ ಪಾಲಿಗೆ ಬಂತು. ಬೇರೆ ಗಂಡಿನವರು ಬರಲು ಹೊರಟಾಗಲೆಲ್ಲ ಅವಳು ದಿನ ಸರಿಯಿಲ್ಲ ಎಂದಳು. ಬಿಂಡಿಗನವಿಲೆಯಲ್ಲಿ ಬೆಟ್ಟಮ್ಮ ಮಗನ ಕೆನ್ನೆಯ ಹತ್ತಿರ ಕೈ ತರದಂತೆ ಸೋಮಯ್ಯ ಕಾವಲು ಕೂತ. ಆದರೂ ಅವಳು ದಿನಕ್ಕೆರಡು ಸಲ ಚಲುವರಾಜುವಿಗೆ ಫೋನು ಮಾಡಿ, "ಒಸಿ ಅರಿಶಿಣ? ಒಂದ್ ಚಿಟಿಕೆ?" ಎಂದು ಕೇಳುವುದನ್ನು ಬಿಡಲಿಲ್ಲ.

ಮೂರು ವಾರ ಕಳೆದ ಮೇಲೆ ಅಕ್ಕನಿಗೆ ಹೇಳಿ ಕಳಿಸಿದ: ನೊಣ ತೋರಿಸಲಾಗಲಿಲ್ಲ, ನೊಣ ಬಿಟ್ಟುಹೋದದ್ದನ್ನು ತೋರಿಸುತ್ತೇನೆ, ಮೈಸೂರಿಗೆ ಬಾ. ಬೈದುಕೊಂಡೇ ಬಂದಳು. ಕಾರು ಓಡಿಸಿಕೊಂಡು ಬಂದವನು ಅವಳ ಮನೆ ಅಳಿಯ ರವೀಂದ್ರ.

ಡಾಕ್ಟರಮ್ಮ ಹುಣ್ಣಿನ ದಡದಿಂದ ಕೆರೆದದ್ದನ್ನು ಗಾಜಿನ ಚೂರಿಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ತುಂಬ ಹೊತ್ತು ನೋಡಿ, ಎದ್ದು ನಿಂತರು. "ಚಲುವರಾಜು, ನೀವು ನೋಡಿ."

ಬಗ್ಗಿದ. ನೇರಳೆ ಬಣ್ಣದ ಒಂದು ದೊಡ್ಡ ಜೀವಕೋಶ. ಅದರ ಹೊಟ್ಟೆ ತುಂಬ ರಾಗಿ ಕಾಳಿನಂಥ ಪುಟ್ಟ ಜೀವಿಗಳು. ಒಂದೊಂದರಲ್ಲೂ ಒಂದು ಚುಕ್ಕೆ, ಪಕ್ಕದಲ್ಲೊಂದು ಸಣ್ಣ ಗೀಟು. ಪುಸ್ತಕದಲ್ಲಿ ನೂರು ಸಲ ನೋಡಿದ ಚಿತ್ರ. ನಾಲ್ಕು ತಾಲ್ಲೂಕಿನ ಕೊಟ್ಟಿಗೆಗಳಲ್ಲಿ ಮೂವತ್ತೊಂದು ವರ್ಷ ಹುಡುಕಿ, ಇಲ್ಲ, ಇಲ್ಲ ಎಂದು ಬರೆದದ್ದು ಕೊನೆಗೆ ಅಳಿಯನಾಗುವವನ ಕೆನ್ನೆಯಲ್ಲಿ ಸಿಕ್ಕಿತ್ತು. "ಐತೆ!" ಎಂದು ಕೂಗಿಯೇಬಿಟ್ಟ. ಮರುಕ್ಷಣ ಹುಡುಗನ ಮುಖ ನೋಡಿ ನಾಚಿಕೆಯಾಯಿತು. "ತಪ್ಪು ತಿಳ್ಕೋಬೇಡಪ್ಪ" ಎಂದ. ರಾಹುಲ ನಗುತ್ತಿದ್ದ.

ಈಗ ದೊಡ್ಡತಾಯಮ್ಮ ಕನ್ನಡಕ ತೆಗೆದು ಬಗ್ಗಿದಳು. "ಇದ್ರಾಗೆ ನೊಣ ಯಾವ್ದು?"

"ನೊಣ ಅಲ್ಲಕ್ಕ, ಅದು ಕಚ್ಚುವಾಗ ಎಂಜಲ ಜೊತೆ ಒಳಕ್ಕೆ ಬುಟ್ಟಿದ್ದು. ಆ ದೊಡ್ಡದು ಐತಲ್ಲ, ಅದು ನಮ್ ಮೈ ಕಾವಲುಗಾರ. ಒಳಗೆ ಬಂದಿದ್ದನ್ನ ನುಂಗಿ ಅರಗಿಸ್ಕೊಳ್ಳಾದು ಅವನ ಕೆಲಸ. ಇದನ್ನೂ ನುಂಗ್ದ. ಆದ್ರೆ ಇದು ಅರಗ್ಲಿಲ್ಲ. ನುಂಗಿದೋನ ಹೊಟ್ಟೇಲೇ ಚಾಪೆ ಹಾಸ್ಕೊಂಡು, ಅವನ್ದೇ ಉಂಡ್ಕೊಂಡು, ಮಕ್ಕಳು ಮರಿ ಮಾಡ್ಕೊಂಡು ಕೂತದೆ."

ದೊಡ್ಡತಾಯಮ್ಮ ನಿಧಾನವಾಗಿ ತಲೆಯೆತ್ತಿ ಬಾಗಿಲ ಕಡೆ ನೋಡಿದಳು. "ಮನೆ ಅಳಿಯ ಅನ್ನು."

"ಅತ್ತೆ, ಹೇಮಗಿರಿಯಿಂದ ಇಲ್ಲೀಗಂಟ ಕಾರು ಓಡಿಸ್ಕೊಂಡು ಬಂದೋನು ನಾನು" ಎಂದ ರವೀಂದ್ರ. ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದರು.

"ಆಮ್ಯಾಕೆ?" ಅವಳು ತಮ್ಮನನ್ನು ಕೇಳಿದಳು. ಅವನ ಕೆಲಸದ ಬಗ್ಗೆ ಅವಳು ಆಮೇಲೇನು ಎಂದು ಕೇಳಿದ್ದು ಅದೇ ಮೊದಲು.

ಚಲುವರಾಜುವಿನ ದನಿ ಮೆತ್ತಗಾಯಿತು. "ಆಮೇಲೆ ಬೇರೆ ಕಾವಲುಗಾರ್ರು ಗುರುತು ಹಿಡೀತಾರಕ್ಕ. ನುಂಗಿದೋನಿಗೆ ಸುದ್ದಿ ಮುಟ್ಟಿಸ್ತಾರೆ, ಲೇ, ನಿನ್ ಹೊಟ್ಟೇಲಿರೋನು ಕಳ್ಳ ಕಣ್ಲಾ ಅಂತ. ಆಗ ಅವನಿಗೆ ರೋಷ ಬಂದು ಒಳಗಿರಾದನ್ನ ಕೊಲ್ತಾನೆ. ಈ ಹುಣ್ಣು ಅರ್ಧ ಆ ಜಗಳದ್ದೇ. ಔಷಧಿ ಅವನಿಗೆ ಒತ್ತಾಸೆ, ಅಷ್ಟೆ. ಒಂದ್ಸಾರಿ ಗೆದ್ದ ಮೈ ಮರೆಯಾಕಿಲ್ಲ. ಅದೇ ರೋಗ ಇನ್ನೊಂದ್ಸಾರಿ ಬಂದ್ರೆ ಬಾಗಿಲಲ್ಲೇ ಹಿಡ್ಕೊಂಡು ಬಡೀತದೆ."

ಅಕ್ಕ ತಮ್ಮನ ಮುಂಗೈಯನ್ನು ಎಳೆದುಕೊಂಡು ನೋಡಿದಳು. "ನಿನ್ನೂ ದಿನಾ ಕಚ್ತಾವಲ್ಲ, ನಿಂಗ್ಯಾಕೆ ಒಂದ್ ದದ್ದೂ ಇಲ್ಲ?"

"ನಮ್ ಕಡೆಯವು ಬರೀ ಕಚ್ತಾವೆ, ರೋಗ ಬುಡಲ್ಲ. ಮೊದಮೊದ್ಲು ಕೆರೆದು ಕೆರೆದು ಬೀಳ್ತಿದ್ದೆ. ಮೂವತ್ತು ವರ್ಸ ಕಚ್ಚಿ ಕಚ್ಚಿ, ಈಗ ಅವುಗಳ ಎಂಜಲು ಮೈಗೆ ರೂಢಿಯಾಗೋಗದೆ."

"ಕೆರ್ಕೊಂಡಿದ್ದು ನಂಗೆ ಯಾಕ್ ಹೇಳ್ಲಿಲ್ಲ?" ಎಂದಳು ಅವಳು. ಸಿಟ್ಟು ನಿಜವಾದದ್ದೇ ಆಗಿತ್ತು.

ವಾರಕ್ಕೊಂದರಂತೆ ಹುಣ್ಣಿಗೇ ಇಂಜೆಕ್ಷನ್ನು ಚುಚ್ಚಿದರು. ರಾಹುಲ ಹಲ್ಲು ಕಚ್ಚಿ ತಡೆದುಕೊಂಡ. ಪ್ರತಿ ಸಲವೂ ಆಸ್ಪತ್ರೆಯ ಬೆಂಚಿನ ಮೇಲೆ ರಂಜಿತ ಮಜ್ಜಿಗೆ ಬಾಟಲಿ ಹಿಡಿದು ಕೂತಿರುತ್ತಿದ್ದಳು. ದಡ ಇಳಿಯಿತು, ಹೊಪ್ಪಳೆ ಉದುರಿತು, ಮೂರು ತಿಂಗಳಲ್ಲಿ ಹುಣ್ಣು ಮಾಯಿತು. ಎಡಗೆನ್ನೆಯಲ್ಲಿ ಬೆರಳ ತುದಿ ಒತ್ತಿದಂತೆ ಒಂದು ಕಂದು ಕುಳಿ ಉಳಿಯಿತು. ಅದು ಹೋಗುವುದಿಲ್ಲ ಎಂದರು ಡಾಕ್ಟರಮ್ಮ. ದೊಡ್ಡತಾಯಮ್ಮ ಬಿಂಡಿಗನವಿಲೆಗೆ ಹೋಗಿ, ಬಿಟ್ಟುಬಂದಿದ್ದ ಒಬ್ಬಟ್ಟನ್ನು ಎರಡರಷ್ಟು ತಿಂದು, ತಾನೇ ಮುಂದೆ ನಿಂತು ವೀಳ್ಯ ಕೊಟ್ಟಳು.

ಪಾಂಡವಪುರದ ಛತ್ರದಲ್ಲಿ ಮದುವೆ. ಮುಹೂರ್ತಕ್ಕೆ ಇನ್ನೂ ಹೊತ್ತಿದೆ ಎನ್ನುವಾಗ ಚಲುವರಾಜು ರೇಷ್ಮೆ ಪಂಚೆ ಉಟ್ಟುಕೊಂಡೇ ಅಡುಗೆಮನೆಯ ಹಿಂದಿನ ಗೋಡೆಯ ಬಿರುಕಿಗೆ ಟಾರ್ಚು ಬಿಡುತ್ತಿದ್ದ. ಅಣ್ಣಮ್ಮ ಹೋಗಿ ರಟ್ಟೆ ಹಿಡಿದು ಎಳೆದುಕೊಂಡು ಬಂದಳು.

ಮಂಟಪದ ಹತ್ತಿರ ದೊಡ್ಡತಾಯಮ್ಮ ವರನಿಗೆ ದೃಷ್ಟಿಬೊಟ್ಟು ಇಡಲು ತೋರುಬೆರಳಿಗೆ ಕಾಡಿಗೆ ತೆಗೆದುಕೊಂಡು ನಿಂತಿದ್ದಳು. ಗಂಡಿನ ಊರಿನ ಬೈರಮ್ಮ ಎಂಬ ಮುದುಕಿ ಅವಳ ಕಿವಿಯ ಹತ್ತಿರ ಬಗ್ಗಿ, "ಅದೇನವ್ವ ಗಂಡಿನ ಕೆನ್ನೆ ಮೇಲೆ? ವಾಸಿ ಆಗದಾ?" ಎಂದಳು.

ದೊಡ್ಡತಾಯಮ್ಮ ಇಡೀ ಛತ್ರಕ್ಕೆ ಕೇಳಿಸುವಂತೆ ಹೇಳಿದಳು. "ಮರಳು ನೊಣ ಕಚ್ಚಿದ್ದು ಕಣವ್ವ. ಬಿಕಾನೇರಿಂದು. ಕಾವಲುಗಾರನ ಹೊಟ್ಟೇಲಿ ಕಳ್ಳ ಕೂತಿದ್ದ, ನಾನೇ ಕಣ್ಣಾರೆ ಕಂಡಿವ್ನಿ. ಈಗ ಮೈ ಗೆದ್ದದೆ. ಗೆದ್ದ ಮೈ ಮರೆಯಾಕಿಲ್ಲ. ಯಾರ್ ಹೇಳಿದ್ದು ಗೊತ್ತಾ? ನನ್ ತಮ್ಮ! ನಾಲ್ಕ್ ತಾಲ್ಲೂಕಿಗೆ ಇದನ್ನ ತಿಳಿದೋನು ಅವನೊಬ್ನೇ."

ನಂತರ ರಾಹುಲನ ಕಡೆ ತಿರುಗಿ ಬೆರಳು ಎತ್ತಿದವಳು ಆ ಕಂದು ಕುಳಿಯ ಹತ್ತಿರ ತಡೆದು ನಿಂತಳು. "ಇವನಿಗೆ ಯಾಕೆ? ದೇವರೇ ಬೊಟ್ಟು ಇಟ್ಟು ಕಳ್ಸವ್ನೆ" ಎಂದಳು. ಬೆರಳಿನಲ್ಲಿ ಕಾಡಿಗೆ ಹಾಗೇ ಇತ್ತು. ಸುತ್ತ ನೋಡಿ, ಹೆಂಡತಿಯ ಕೈಯಿಂದ ರಟ್ಟೆ ಬಿಡಿಸಿಕೊಳ್ಳುತ್ತಾ ಬರುತ್ತಿದ್ದ ತಮ್ಮನನ್ನು ಕರೆದಳು.

"ಬಾ ಇಲ್ಲಿ ಚಲುವ."

ಬಂದ. ಅವಳು ಅವನ ಗಲ್ಲ ಹಿಡಿದು, ನಾಲ್ಕು ವರ್ಷದವನಿಗೆ ಇಡುತ್ತಿದ್ದ ಹಾಗೆಯೇ, ಐವತ್ತೊಂಬತ್ತು ವರ್ಷದ ಎಡಗೆನ್ನೆಗೆ ಬೊಟ್ಟಿಟ್ಟಳು. ಮದುವೆಯ ಫೋಟೋಗಳಲ್ಲೆಲ್ಲ ಅದು ಹಾಗೇ ಇದೆ. ಅಳಿಸಿಕೊಳ್ಳಿ ಎಂದು ಫೋಟೋದವನು ಎರಡು ಸಲ ಹೇಳಿದ, ಚಲುವರಾಜು ಅಳಿಸಿಕೊಳ್ಳಲಿಲ್ಲ.